'ಹೋಟೆಲ್' ಪದದ ಕರಾವಳಿ ಅರ್ಥ: ಉಡುಪಿ ಪರಿಸರದ ಬಳಕೆಯನ್ನು ಕುರಿತು

ಉಡುಪಿ, ಕಾಪು, ಕಾರ್ಕಳ ಪರಿಸರದ ಕನ್ನಡದಲ್ಲಿ 'ಹೋಟೆಲ್' ಎಂಬ ಪದಕ್ಕೆ ಹಣ ಕೊಟ್ಟು ಚಾ, ತಿಂಡಿ, ಊಟ ಪಡೆಯುವ ಸ್ಥಳ ಎಂಬುದೇ ಮೊದಲ ಅರ್ಥ. ರಾತ್ರಿ ತಂಗುವ ಕೋಣೆ ಅಲ್ಲಿರಬೇಕೆಂಬ ನಿರೀಕ್ಷೆ ಈ ಪದದೊಳಗೆ ಇಲ್ಲವೇ ಇಲ್ಲ. ಬಸ್ ನಿಲ್ದಾಣದ ಮಗ್ಗುಲಲ್ಲಿ ನಾಲ್ಕು ಬೆಂಚು, ತಿಂಡಿ ಇಡುವ ಒಂದು ಗಾಜಿನ ಕಪಾಟು, ಹಿಂಬದಿಯಲ್ಲೊಂದು ಒಲೆ ಇಷ್ಟಿದ್ದರೆ ಅದು ಹೋಟೆಲ್. ಇಂಗ್ಲಿಷಿನ ನಿಘಂಟುಗಳಲ್ಲಿ ಈ ಕ್ರಮ ತಿರುವುಮುರುವಾಗಿದೆ: ಅಲ್ಲಿ ವಸತಿ ಮೊದಲು, ಊಟ ಆನಂತರ, ಊಟವಿಲ್ಲದ ಹೋಟೆಲು ಅಲ್ಲಿ ಸಾಧ್ಯ, ಕೋಣೆಯಿಲ್ಲದ ಹೋಟೆಲು ಸಾಧ್ಯವಿಲ್ಲ. ಇಂಗ್ಲಿಷ್-ಕನ್ನಡ ನಿಘಂಟುಗಳು ಸಾಮಾನ್ಯವಾಗಿ ಇಂಗ್ಲಿಷಿನ ಕ್ರಮವನ್ನೇ ಅನುಸರಿಸಿ 'ವಸತಿಗೃಹ' ಎಂಬ ಅರ್ಥವನ್ನು ಮುಂದಿಡುತ್ತವೆ. ಇಂಗ್ಲಿಷ್ ಕಲಿಸುವ ಅಧ್ಯಾಪಕರು ಸ್ಥಳೀಯ ಬಳಕೆಯನ್ನು 'ತಪ್ಪು ಇಂಗ್ಲಿಷ್' ಎಂದು ತಿದ್ದುತ್ತಾರೆ. ಇತ್ತ ಕನ್ನಡದ ಶುದ್ಧಿಯನ್ನು ಬಯಸುವವರು ಅದನ್ನು ಕನ್ನಡವೇ ಅಲ್ಲವೆಂದು 'ಉಪಾಹಾರ ಗೃಹ'ವನ್ನು ಸೂಚಿಸುತ್ತಾರೆ. ಎರಡೂ ಕಡೆಯಿಂದ ಹೀಗೆ ಹೊರಹಾಕಲ್ಪಟ್ಟ ಪದವೊಂದು ನೂರು ವರ್ಷಗಳಿಂದ ಜನರ ಬಾಯಲ್ಲಿ ನಿಶ್ಚಿಂತೆಯಿಂದ ನಿಂತಿದೆ. ಈ ನಿಲುವಿಗೆ ಕಾರಣವೇನೆಂದು ಹುಡುಕಿದರೆ ಭಾಷಾಶಾಸ್ತ್ರದ ಪ್ರಶ್ನೆಯೊಂದು ಸಮಾಜದ ಇತಿಹಾಸದ ಪ್ರಶ್ನೆಯಾಗಿ ತೆರೆದುಕೊಳ್ಳುತ್ತದೆ.

ಮೊದಲಿಗೆ 'ತಪ್ಪು' ಎಂಬ ಆರೋಪವನ್ನು ಪರಿಶೀಲಿಸಬೇಕು. ಲ್ಯಾಟಿನ್ ಭಾಷೆಯಲ್ಲಿ 'ಹೋಸ್ಪೆಸ್' ಎಂಬ ಒಂದೇ ಶಬ್ದ ಅತಿಥಿಯನ್ನೂ ಆತಿಥೇಯನನ್ನೂ ಸೂಚಿಸುತ್ತಿತ್ತು. ಅದರಿಂದ ಹುಟ್ಟಿದ 'ಹೋಸ್ಪಿಟಾಲೆ' ಎಂಬ ರೂಪ ಹಳೆಯ ಫ್ರೆಂಚಿನಲ್ಲಿ 'ಹೋಸ್ಟೆಲ್' ಆಯಿತು. ಮುಂದೆ ನಡುವಿನ ಸಕಾರ ಉಚ್ಚಾರಣೆಯಲ್ಲಿ ಬಿದ್ದುಹೋಗಿ 'ಓತೆಲ್' ಆಯಿತು. ಬಿದ್ದುಹೋದ ಸಕಾರದ ನೆನಪಿಗೆ ಫ್ರೆಂಚರು ಸ್ವರದ ಮೇಲೊಂದು ಗುರುತನ್ನು ಇಂದಿಗೂ ಇಡುತ್ತಾರೆ. ಫ್ರೆಂಚಿನಲ್ಲಿ ಈ ಪದ ಶ್ರೀಮಂತರ ನಗರದ ಮನೆಗೂ ಸಲ್ಲುತ್ತದೆ, ನಗರಸಭೆಯ ಕಟ್ಟಡಕ್ಕೂ ಸಲ್ಲುತ್ತದೆ. ಪ್ಯಾರಿಸಿನ ಪುರಾತನ ಆಸ್ಪತ್ರೆಯ ಹೆಸರಿನಲ್ಲಿಯೂ ಅದೇ ಪದವಿದೆ. ಇಂಗ್ಲಿಷಿಗೆ ಅದು ಹದಿನೇಳನೆಯ ಶತಮಾನದಲ್ಲಿ ದೊಡ್ಡ ಮನೆ ಎಂಬ ಅರ್ಥದಲ್ಲಿ ಬಂದು, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೇಲ್ದರ್ಜೆಯ ವಸತಿಗೃಹ ಎಂಬ ಅರ್ಥವನ್ನು ಪಡೆಯಿತು. ಎಂದರೆ ಇಂಗ್ಲಿಷಿನವರು 'ಸರಿ' ಎನ್ನುವ ಅರ್ಥವೂ ಎರವಲು ಪಡೆದ ಮೇಲೆ ತಿರುಗಿಸಿಕೊಂಡ ಅರ್ಥವೇ ಆಗಿದೆ. ಆಸ್ಟ್ರೇಲಿಯದ ಇಂಗ್ಲಿಷಿನಲ್ಲಿ 'ಹೋಟೆಲ್' ಎಂದರೆ ಮದ್ಯದಂಗಡಿ. ಮದ್ಯ ಮಾರುವ ಪರವಾನಗಿ ಬೇಕಿದ್ದರೆ ತಂಗುವ ಕೋಣೆಗಳೂ ಇರಬೇಕೆಂಬ ಹಳೆಯ ನಿಯಮದ ಫಲವದು. ಕೀನ್ಯಾದ ಸ್ವಾಹಿಲಿಯಲ್ಲಿ 'ಹೋಟೆಲಿ' ಎಂದರೆ ಉಡುಪಿಯಲ್ಲಿ ಇರುವಂತೆಯೇ ಊಟ-ಚಹದ ಜಾಗ. ಶ್ರೀಲಂಕಾದಲ್ಲಿ, ಮಲಯಾಳ ಹಾಗೂ ತಮಿಳು ನಾಡುಗಳಲ್ಲಿ ಇದೇ ಬಳಕೆ ಇದೆ. ಇಷ್ಟು ಕಡೆ ಇಷ್ಟು ಜನ ಒಂದೇ ಬಗೆಯಲ್ಲಿ 'ತಪ್ಪು' ಮಾಡಿದ್ದಾರೆ ಎನ್ನುವುದಕ್ಕಿಂತ, ಪದ ಹೋದಲ್ಲೆಲ್ಲ ಆ ಊರಿನಲ್ಲಿ ಯಾವ ಸ್ಥಾನ ಖಾಲಿ ಇತ್ತೋ ಅದನ್ನು ತುಂಬಿತು ಎನ್ನುವುದು ಹೆಚ್ಚು ಸಮಂಜಸವಾದೀತು.

ಈ ಮಾತಿಗೆ ಮಣಿಪಾಲ ಒಂದು ಒಳ್ಳೆಯ ಉದಾಹರಣೆ. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಬಳಿಕ ಬೋಳುಗುಡ್ಡವೊಂದು ವಿದ್ಯೆಯ ನಗರವಾಗಿ ಬೆಳೆಯಿತು. ಆ ಬೆಳವಣಿಗೆಯೊಂದಿಗೆ ಒಂದೇ ಲ್ಯಾಟಿನ್ ತಾಯಿಯ ಮೂರು ಮಕ್ಕಳು ಆ ಗುಡ್ಡದ ಮೇಲೆ ನೆಲೆಗೊಂಡವು: ರೋಗಿಗೆ ಆಸ್ಪತ್ರೆ, ವಿದ್ಯಾರ್ಥಿಗೆ ಹಾಸ್ಟೆಲ್, ಇಬ್ಬರಿಗೂ ಹೋಟೆಲ್. ಮೂರರ ಮೇಲೆ ಕನ್ನಡ ಮಾಡಿದ ಕೆಲಸ ಮೂರು ಬಗೆಯದು. 'ಆಸ್ಪತ್ರೆ' ಪೂರ್ತಿ ಕನ್ನಡದ ಮೈ ಪಡೆದಿದೆ. ಅದರ ಮೂಲ ಪರದೇಶದ್ದೆಂದು ಹೇಳಿದರೆ ನಂಬದವರೇ ಹೆಚ್ಚು. 'ಹಾಸ್ಟೆಲ್' ಇಂಗ್ಲಿಷಿನ ರೂಪದಲ್ಲಿಯೇ ಉಳಿದು, ವಿದ್ಯಾರ್ಥಿಗಳ ವಸತಿ ಎಂಬ ಒಂದೇ ಅರ್ಥಕ್ಕೆ ಸೀಮಿತವಾಗಿದೆ. 'ಹೋಟೆಲ್' ಮಾತ್ರ ಇವೆರಡರ ನಡುವೆ ನಿಂತಿದೆ. ರೂಪದಲ್ಲಿ ಅದು 'ಹೋಟೆಲು' ಎಂದು ಉಕಾರಾಂತವಾಗುತ್ತದೆ, ಮಾತಿನಲ್ಲಿ 'ಹೋಟ್ಲು' ಎಂದು ಕುಗ್ಗುತ್ತದೆ, ಹಕಾರ ಉಳಿಯದ ಬಾಯಲ್ಲಿ 'ಓಟ್ಲು' ಆಗುತ್ತದೆ. ಆದರೆ ಫಲಕದ ಮೇಲೆ ಬರೆಯುವಾಗ ಇಂಗ್ಲಿಷಿನ ಗತ್ತನ್ನು ಬಿಡುವುದಿಲ್ಲ. ಅರ್ಥದಲ್ಲಿ ಅದು ವಸತಿಯನ್ನು ಬಿಟ್ಟುಕೊಟ್ಟು ಊಟವನ್ನು ಹಿಡಿದುಕೊಂಡಿದೆ. ಒಂದು ವಿಪರ್ಯಾಸವೂ ಇಲ್ಲಿದೆ. 1980ರ ದಶಕದಲ್ಲಿ ಮಣಿಪಾಲದಲ್ಲಿಯೇ ಹೋಟೆಲ್ ಆಡಳಿತದ ಪದವಿ ಕಾಲೇಜೊಂದು ಆರಂಭವಾಯಿತು. ಅದರ ಹೆಸರಿನಲ್ಲಿರುವ 'ಹೋಟೆಲ್' ಇಂಗ್ಲಿಷಿನ ಹೋಟೆಲ್: ಕೋಣೆ, ಹಾಸಿಗೆ, ಸ್ವಾಗತಕಟ್ಟೆಗಳಿಂದ ಕೂಡಿದ್ದು. ಅದರಿಂದ ನಾಲ್ಕೈದು ಕಿಲೋಮೀಟರ್ ದೂರದ ರಥಬೀದಿಯ ಆಸುಪಾಸಿನ ಹೋಟೆಲು ಬೇರೆಯೇ ಪದ. ಬರೆಯುವ ಅಕ್ಷರಗಳು ಒಂದೇ ಆದರೂ ಇವೆರಡನ್ನು ಎರಡು ಪದಗಳೆಂದು ಎಣಿಸುವುದೇ ನಿಘಂಟುಕಾರನಿಗೆ ಸರಿಯಾದ ದಾರಿ.

ವಸತಿಯ ಅರ್ಥ ಏಕೆ ಬಿದ್ದುಹೋಯಿತು? ಆ ಸ್ಥಾನ ಖಾಲಿ ಇರಲಿಲ್ಲ ಎಂಬುದೇ ಇದಕ್ಕೆ ನೇರವಾದ ಉತ್ತರ. ದಾರಿಹೋಕನಿಗೆ ತಂಗಲು ಛತ್ರವಿತ್ತು, ಧರ್ಮಶಾಲೆಯಿತ್ತು, ಮಠ-ದೇವಾಲಯಗಳ ಜಗಲಿಯಿತ್ತು, ನೆಂಟರ ಮನೆಯಿತ್ತು. ಸರಕಾರದ ಅಧಿಕಾರಿಗೆ ಪ್ರವಾಸಿ ಬಂಗಲೆಯಿತ್ತು. ಹಳಗನ್ನಡದ 'ಅರವಂಟಿಗೆ'ಯಿಂದ ತೊಡಗಿ ದಾರಿಯ ದಣಿವಿಗೆ ನೆರಳು-ನೀರು ಕೊಡುವ ವ್ಯವಸ್ಥೆಗಳಿಗೆ ಕನ್ನಡದಲ್ಲಿ ಪದಗಳ ಕೊರತೆ ಎಂದೂ ಇರಲಿಲ್ಲ. ಇಲ್ಲದಿದ್ದದ್ದು ಒಂದೇ: ಬೇಯಿಸಿದ ಅನ್ನವನ್ನು ಹಣಕ್ಕೆ ಕೊಡುವ ಜಾಗಕ್ಕೆ ಗೌರವದ ಹೆಸರು. ಛತ್ರದಲ್ಲಿ ಅನ್ನ ಸಿಗುತ್ತಿತ್ತು, ಆದರೆ ಮಾರಾಟಕ್ಕಲ್ಲ. ಅನ್ನವಿಕ್ರಯ ನಿಷಿದ್ಧವಾಗಿತ್ತು, ಆಪತ್ಕಾಲದಲ್ಲಿ ವ್ಯಾಪಾರಕ್ಕೆ ಇಳಿದ ಬ್ರಾಹ್ಮಣ ಕೂಡ ಮಾರಬಾರದ ವಸ್ತುಗಳ ಪಟ್ಟಿಯಲ್ಲಿ ಮನುಸ್ಮೃತಿಯ ಹತ್ತನೆಯ ಅಧ್ಯಾಯ ಬೇಯಿಸಿದ ಅನ್ನವನ್ನು ಸೇರಿಸಿದೆ. ಅನ್ನವನ್ನು ದಾನವಾಗಿ ಕೊಡಬಹುದು, ಭಿಕ್ಷೆಯಾಗಿ ನೀಡಬಹುದು, ಪ್ರಸಾದವಾಗಿ ಹಂಚಬಹುದು, ಬೆಲೆ ಕಟ್ಟಬಾರದು. ಇಂಥ ಕಡೆ ಅನ್ನಕ್ಕೆ ಬೆಲೆ ಕಟ್ಟಿದ ಜಾಗಕ್ಕೆ ಹೆಸರಿಡಬೇಕಾದಾಗ 'ಛತ್ರ' ಎಂದರೆ ಸುಳ್ಳಾಗುತ್ತಿತ್ತು, 'ಅನ್ನದಂಗಡಿ' ಎಂದರೆ ಅವಮಾನವಾಗುತ್ತಿತ್ತು. ಪರಭಾಷೆಯ ಪದವೊಂದು ಎರಡೂ ಮುಜುಗರಗಳನ್ನು ತಪ್ಪಿಸಿತು. ಅರ್ಥ ಪೂರ್ತಿ ತಿಳಿಯದಿರುವುದೇ ಆಗ ಅದರ ಅನುಕೂಲವಾಗಿತ್ತು.

ಉಡುಪಿ ಹೋಟೆಲುಗಳನ್ನು ಕುರಿತ ಬರೆಹಗಳಲ್ಲಿ ಬಹುಮಟ್ಟಿಗೆ ಸ್ಥಿರವಾಗಿಬಿಟ್ಟಿರುವ ಒಂದು ಕಥನವನ್ನು ಈ ಹಿನ್ನೆಲೆಯಲ್ಲಿ ಪುನಃ ನೋಡಬೇಕಾಗುತ್ತದೆ. ಕೃಷ್ಣಮಠದ ಅಡುಗೆಮನೆಯೇ ಹೋಟೆಲಿನ ತವರು, ಅಷ್ಟಮಠಗಳ ಅನ್ನಸಂತರ್ಪಣೆಯೇ ಹೋಟೆಲಾಗಿ ಊರೂರಿಗೆ ಹರಡಿತು ಎಂಬುದು ಆ ಕಥನ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ವಾದಿರಾಜರ ಕಾಲದಿಂದ ಎರಡು ವರ್ಷಗಳ ಅವಧಿಯದಾಗಿ ನಡೆದುಬಂದ ಪರ್ಯಾಯದ ಕ್ರಮವು ಸಾವಿರಾರು ಜನಕ್ಕೆ ಒಮ್ಮೆಗೇ ಅಡುಗೆ ಮಾಡುವ ನೈಪುಣ್ಯವನ್ನು ಆ ಪರಿಸರದಲ್ಲಿ ಬೆಳೆಸಿತು. ಮೊದಲ ತಲೆಮಾರಿನ ಹೋಟೆಲಿನವರಲ್ಲಿ ಹಲವರು ಆ ನೈಪುಣ್ಯವನ್ನೇ ಬಂಡವಾಳವಾಗಿ ಒಯ್ದರು. ಆದರೆ ನೈಪುಣ್ಯ ಒಂದಾದ ಮಾತ್ರಕ್ಕೆ ಸಂಸ್ಥೆಯೂ ಒಂದಾಗುವುದಿಲ್ಲ. ಮಠದ ಪಂಕ್ತಿಯಲ್ಲಿ ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಉಡುಪಿಯಲ್ಲಿ ಪಂಕ್ತಿಭೇದವನ್ನು ಕುರಿತ ವಾದವಿವಾದ ಈ ಶತಮಾನದಲ್ಲಿಯೂ ನಡೆದಿದೆ. ಹೋಟೆಲಿನಲ್ಲಿ, ಕನಿಷ್ಠ ತತ್ತ್ವದ ಮಟ್ಟದಲ್ಲಿ, ಅದನ್ನು ಕೈಯಲ್ಲಿರುವ ಕಾಸು ತೀರ್ಮಾನಿಸುತ್ತದೆ. ಮಠದಿಂದ ಹೋಟೆಲಿಗೆ ಬಂದದ್ದು ಮುಂದುವರಿಕೆಯೆಂದು ಬಣ್ಣಿಸುವವರು, ಮೊದಲಿನವರು ತಮ್ಮ ವ್ಯವಹಾರಕ್ಕೆ ಮಠದ ಶಬ್ದಕೋಶದಿಂದ ಒಂದು ಪದವನ್ನೂ ವರ್ಗವಾಚಕವಾಗಿ ತೆಗೆದುಕೊಳ್ಳಲಿಲ್ಲ ಎಂಬುದನ್ನು ಗಮನಿಸಿದಂತಿಲ್ಲ. 'ಶ್ರೀಕೃಷ್ಣ' ಎಂಬ ಹೆಸರು ಬಂತು, 'ಛತ್ರ' ಬರಲಿಲ್ಲ.

ಆ ಕಾಲದ ಹೆಸರುಗಳನ್ನು ಸಾಲಾಗಿಟ್ಟು ನೋಡಿದರೆ ಹುಡುಕಾಟದ ಬಗೆ ತಿಳಿಯುತ್ತದೆ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ತೆರೆದ ಅಂಗಡಿಯ ಹೆಸರು 'ಬ್ರಾಹ್ಮಣ ಕಾಫಿ ಕ್ಲಬ್'. ಅದು 1960ರಲ್ಲಿ 'ಮಾವಳ್ಳಿ ಟಿಫಿನ್ ರೂಮ್ಸ್' ಆಯಿತು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ್ದು 'ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್'. ಕ್ಲಬ್, ರೂಮು, ಬೋರ್ಡಿಂಗ್ ಈ ಮೂರೂ ಇಂಗ್ಲಿಷಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳನ್ನು ಹೇಳುವ ಪದಗಳು. ಕ್ಲಬ್ಬಿಗೆ ಸದಸ್ಯತ್ವ ಬೇಕು. ಇಲ್ಲಿ ಬೇಕಿರಲಿಲ್ಲ, ಆದರೆ ಮುಂದಿನ 'ಬ್ರಾಹ್ಮಣ' ಎಂಬ ವಿಶೇಷಣ ಸದಸ್ಯತ್ವದ ಕೆಲಸವನ್ನೇ ಮಾಡುತ್ತಿತ್ತು. ತಮಿಳುನಾಡಿನಲ್ಲಿ ಕಾಫಿಯ ಸಾಮಾಜಿಕ ಇತಿಹಾಸವನ್ನು ಬರೆದ ಎ. ಆರ್. ವೆಂಕಟಾಚಲಪತಿ ಅವರು ಅಲ್ಲಿಯ ಕಾಫಿ ಕ್ಲಬ್ಬುಗಳ ಜಾತಿವಿಂಗಡಣೆಯನ್ನು ಚರ್ಚಿಸಿದ್ದಾರೆ; ಕನ್ನಡದಲ್ಲಿ ಅದಕ್ಕೆ ಸಮನಾದ ಕೆಲಸ ಇನ್ನೂ ಆಗಬೇಕಾಗಿದೆ. 'ಬೋರ್ಡಿಂಗ್' ಎಂಬಲ್ಲಿ ಇಂಗ್ಲಿಷಿನವನು ಊಟದೊಂದಿಗೆ ವಾಸವನ್ನೂ ನಿರೀಕ್ಷಿಸುತ್ತಾನೆ. ಮಾಟುಂಗದಲ್ಲಿ ಸಿಗುವುದು ಬಾಳೆಲೆಯ ಊಟ ಮಾತ್ರ. ಹೀಗೆ ವಸತಿಯ ಪದಗಳೆಲ್ಲ ಒಂದೊಂದಾಗಿ ಊಟದ ಪದಗಳಾದವು.

ವಸತಿ ಮತ್ತು ಊಟಗಳೆರಡನ್ನೂ ನಿಜವಾಗಿ ಒಂದೆಡೆ ತಂದವರಲ್ಲಿ ಕಡಂದಲೆ ಕೃಷ್ಣರಾಯರು ಪ್ರಮುಖರು. ಅವರು ಮದರಾಸಿನ ರಾಯಪೇಟೆಯಲ್ಲಿ 1938ರಲ್ಲಿ ಆರಂಭಿಸಿದ 'ವುಡ್‌ಲ್ಯಾಂಡ್ಸ್' ಬಂಗಲೆಯೊಂದರಲ್ಲಿ ನೆಲೆಸಿ, ಆ ಬಂಗಲೆಯ ಹೆಸರನ್ನೇ ಉಳಿಸಿಕೊಂಡಿತು. ಕೋಣೆಗಳಿದ್ದುದರಿಂದ ಅದು ಇಂಗ್ಲಿಷಿನ ಅರ್ಥದಲ್ಲಿಯೂ ಹೋಟೆಲೇ. ಆದರೂ ಕನ್ನಡ-ತಮಿಳು ನೆನಪಿನಲ್ಲಿ ವುಡ್‌ಲ್ಯಾಂಡ್ಸ್ ಎಂದರೆ ದೋಸೆ, ಇಡ್ಲಿ, ಕಾಫಿ. 1962ರಿಂದ 2008ರವರೆಗೆ ಮದರಾಸಿನಲ್ಲಿ ನಡೆದ ಅದರ ಡ್ರೈವ್-ಇನ್ ಶಾಖೆ ಮುಚ್ಚಿದಾಗ ಜನ ಮರುಗಿದ್ದು ಊಟ-ತಿಂಡಿಯ, ಹರಟೆಯ ಜಾಗವೊಂದು ಹೋಯಿತೆಂದು. ಕೋಣೆಗಳು ಬಂದ ಮೇಲೂ ಪದದ ಕರಾವಳಿ ಅರ್ಥ ಕದಲಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. 'ಉಡುಪಿ' ಎಂಬ ಊರಿನ ಹೆಸರೂ ಇದೇ ಸಹವಾಸದಲ್ಲಿ ವರ್ಗವಾಚಕವಾಯಿತು. ಪರಊರಿನ ಫಲಕಗಳಲ್ಲಿ ಹಳೆಯ ಇಂಗ್ಲಿಷ್ ಕಾಗುಣಿತದ 'ಉಡಿಪಿ'ಯಾಗಿಯೇ ಉಳಿದ ಅದು, ಅಲ್ಲಿ ಸಸ್ಯಾಹಾರ ಎಂಬುದಕ್ಕೆ ಪರ್ಯಾಯ ಪದ. ಮಾಲಿಕನ ಊರು ಯಾವುದೆಂದು ಯಾರೂ ಕೇಳುವುದಿಲ್ಲ. ಮಲ್ಪೆ-ಕಾಪುಗಳ ಮೀನು ತಿನ್ನುವ ಜನಕ್ಕೆ ತಮ್ಮ ಜಿಲ್ಲೆಯ ಹೆಸರು ಹೀಗೆ ಸಸ್ಯಾಹಾರದ ಮುದ್ರೆಯಾದದ್ದು ಸ್ವಲ್ಪ ತಮಾಷೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಸ್ಟಿಗ್ ಟಾಫ್ಟ್ ಮ್ಯಾಡ್ಸೆನ್ ಹಾಗೂ ಜೆಫ್ರಿ ಗಾರ್ಡೆಲ್ಲಾ 2012ರಲ್ಲಿ ಪ್ರಕಟವಾದ ಇಂಗ್ಲಿಷ್ ಸಂಕಲನವೊಂದಕ್ಕೆ ಈ ವಿಷಯದ ಮೇಲೆ ಪ್ರಬಂಧ ಬರೆದಾಗ ಶೀರ್ಷಿಕೆಯಲ್ಲಿ 'ಉಡುಪಿ ಹೋಟೆಲ್ಸ್' ಎಂದೇ ಇಟ್ಟರು. ಇಂಗ್ಲಿಷ್ ಓದುಗನಿಗಾಗಿ ಅದನ್ನು 'ರೆಸ್ಟೊರೆಂಟ್' ಎಂದು ತಿದ್ದಲು ಅವರು ಹೋಗಲಿಲ್ಲ.

ಇಷ್ಟರವರೆಗಿನದು ವ್ಯಾಪಾರಿಗಳ ಮತ್ತು ಗಿರಾಕಿಗಳ ಬಳಕೆ. ಪದದ ಮೇಲೆ ಕಾನೂನು ಕೈಯಿಟ್ಟ ಸಂದರ್ಭಗಳು ಇದಕ್ಕಿಂತ ಮಹತ್ತ್ವದವು. ಭಾರತದ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವು ಜಾತಿ, ಮತ, ಲಿಂಗ ಮೊದಲಾದ ಕಾರಣಗಳಿಂದ ಯಾರನ್ನೂ ಅಂಗಡಿಗಳಿಗೆ, ಸಾರ್ವಜನಿಕ ರೆಸ್ಟೊರೆಂಟುಗಳಿಗೆ, ಹೋಟೆಲುಗಳಿಗೆ, ಮನರಂಜನೆಯ ಸ್ಥಳಗಳಿಗೆ ಹೋಗದಂತೆ ತಡೆಯಬಾರದೆಂದು ವಿಧಿಸುತ್ತದೆ. ಇಲ್ಲಿ ರೆಸ್ಟೊರೆಂಟು ಬೇರೆ, ಹೋಟೆಲು ಬೇರೆ. ಸಂವಿಧಾನದ ಇಂಗ್ಲಿಷ್ ಇಂಗ್ಲೆಂಡಿನ ಇಂಗ್ಲಿಷ್. ಐದು ವರ್ಷಗಳ ಬಳಿಕ ಬಂದ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬೇರೆ ದಾರಿ ಹಿಡಿಯಿತು. ಮುಂದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರು ಬದಲಿಸಿಕೊಂಡ ಈ ಶಾಸನದ ವ್ಯಾಖ್ಯೆಗಳ ಭಾಗದಲ್ಲಿ 'ಹೋಟೆಲ್' ಎಂಬುದು ಉಪಾಹಾರದ ಕೋಣೆ, ಬೋರ್ಡಿಂಗ್ ಮನೆ, ತಂಗುವ ಮನೆ, ಕಾಫಿ ಹೌಸ್ ಹಾಗೂ ಕೆಫೆಗಳನ್ನು ಒಳಗೊಳ್ಳುತ್ತದೆ ಎಂದು ಹೇಳಲಾಗಿದೆ. ಇಂಗ್ಲಿಷ್ ನಿಘಂಟನ್ನು ನಂಬಿದ್ದರೆ ಕಾಫಿ ಮಾರುವ ಅಂಗಡಿಯವನು 'ಇದು ಹೋಟೆಲಲ್ಲ, ಇಲ್ಲಿ ಕೋಣೆಗಳಿಲ್ಲ' ಎಂದು ವಾದಿಸಿ ನುಣುಚಿಕೊಳ್ಳಬಹುದಿತ್ತು. 'ಕ್ಲಬ್' ಎಂಬ ಹೆಸರಿನವನಿಗೆ ಇನ್ನೂ ಒಳ್ಳೆಯ ನೆಪವಿತ್ತು. ಶಾಸನಕಾರರು ಆ ಬಾಗಿಲನ್ನು ಮುಚ್ಚಿದರು. ಉದ್ದೇಶ ಏನೇ ಇರಲಿ, ಪರಿಣಾಮದಲ್ಲಿ ಅವರು ಎತ್ತಿಹಿಡಿದದ್ದು ಬಸ್ ನಿಲ್ದಾಣದ ಬೆಂಚಿನ ಅರ್ಥವನ್ನು. ಅದೇ ಕಾಯಿದೆಯ ನಾಲ್ಕನೆಯ ಕಲಮು ಹೋಟೆಲು, ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳಲ್ಲಿ ಸಾರ್ವಜನಿಕರ ಬಳಕೆಗೆಂದು ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯುವುದನ್ನೂ ಅಪರಾಧವೆಂದು ಸಾರುತ್ತದೆ. ಪಾತ್ರೆಯ ಮಾತು ಬಂದದ್ದು ಸುಮ್ಮನೆ ಅಲ್ಲ. ದಲಿತರಿಗೆ ಬೇರೆ ಲೋಟವಿಡುವ ಪದ್ಧತಿ ಕರ್ನಾಟಕದ ಹಳ್ಳಿಗಳ ಚಹದ ಹೋಟೆಲುಗಳಲ್ಲಿ ಕಾಯಿದೆ ಬಂದು ದಶಕಗಳಾದ ಮೇಲೂ ಕಂಡುಬಂದಿದೆ. ಕಾಸಿನ ಮುಂದೆ ಎಲ್ಲರೂ ಸಮಾನರು ಎಂಬ, ಹೋಟೆಲ್ ಎಂಬ ಪದ ತಂದ ಭರವಸೆಗೂ ಒಲೆಯ ಪಕ್ಕದ ಗೂಟಕ್ಕೆ ತೂಗಿಬಿಟ್ಟ ಬೇರೆಯ ಲೋಟಕ್ಕೂ ನಡುವೆ ಇದ್ದ ದೂರವನ್ನು ಮರೆತು ಹೋಟೆಲನ್ನು ಸಮಾನತೆಯ ಶಾಲೆಯೆಂದು ಹೊಗಳುವುದು, ಮಠದ ಅಡುಗೆಮನೆಯ ಕಥನದಷ್ಟೇ ಏಕಪಕ್ಷೀಯವಾಗುತ್ತದೆ. ಮದರಾಸಿನ ಹೋಟೆಲೊಂದರ ಫಲಕದ ಮೇಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ಅಳಿಸಬೇಕೆಂದು ದ್ರಾವಿಡ ಕಳಗಂ 1957ರಲ್ಲಿ ಚಳವಳಿ ನಡೆಸಬೇಕಾಯಿತು. ಜಗಳ ನಡೆದದ್ದು ಒಂದು ವಿಶೇಷಣಕ್ಕಾಗಿ. 'ಹೋಟೆಲ್' ಎಂಬ ನಾಮಪದವನ್ನು ಎರಡೂ ಪಕ್ಷಗಳು ಒಪ್ಪಿದ್ದವು.

ಅನ್ನ ಮಾರುವ ವಸ್ತುವೋ ಅಲ್ಲವೋ ಎಂಬ ಹಳೆಯ ಪ್ರಶ್ನೆಯೂ ಬೇರೆ ವೇಷದಲ್ಲಿ ನ್ಯಾಯಾಲಯಕ್ಕೆ ಬಂತು. ಹೋಟೆಲಿನಲ್ಲಿ ತಂಗಿದವನಿಗೆ ಬಡಿಸಿದ ಊಟ ಮಾರಾಟವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ಹೇಳಿತು. 1978ರ ನಾರ್ದರ್ನ್ ಇಂಡಿಯಾ ಕೇಟರರ್ಸ್ ಪ್ರಕರಣದಲ್ಲಿ ಅದೇ ತರ್ಕವನ್ನು ರೆಸ್ಟೊರೆಂಟಿಗೂ ವಿಸ್ತರಿಸಿ, ಅಲ್ಲಿ ನಡೆಯುವುದು ಪ್ರಧಾನವಾಗಿ ಸೇವೆ, ಆದ್ದರಿಂದ ಮಾರಾಟ ತೆರಿಗೆ ಸಲ್ಲದು ಎಂದಿತು. ಅದರ ಬೇರು ಇಂಗ್ಲೆಂಡಿನ ಹಳೆಯ ವಸತಿಗೃಹಗಳ ಆತಿಥ್ಯದ ಕಲ್ಪನೆಯಲ್ಲಿತ್ತು. ಸಂಸತ್ತು 1982ರ ನಲವತ್ತಾರನೆಯ ತಿದ್ದುಪಡಿಯ ಮೂಲಕ ಆಹಾರ ಒದಗಿಸುವುದನ್ನು ಮಾರಾಟವೆಂದೇ ಪರಿಗಣಿಸುವಂತೆ ಮಾಡಿತು. ಲ್ಯಾಟಿನ್ ಮೂಲದ ಅತಿಥಿ-ಆತಿಥೇಯರ ಅರ್ಥ ತೀರ್ಪಿನಲ್ಲಿ ಒಂದು ಕ್ಷಣ ತಲೆಯೆತ್ತಿ, ತೆರಿಗೆಯ ಮುಂದೆ ಮತ್ತೆ ತಲೆಬಾಗಿತು. ಕರಾವಳಿಯ ಹೋಟೆಲಿನವನಿಗೆ ಈ ಗೊಂದಲ ಇರಲಿಲ್ಲ. ತಾನು ಮಾರುತ್ತಿದ್ದೇನೆಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಅದಕ್ಕಾಗಿಯೇ ಅವನು ಛತ್ರದ ಹೆಸರನ್ನು ಬಿಟ್ಟಿದ್ದ.

ಸೃಜನಶೀಲ ಸಾಹಿತ್ಯದಲ್ಲಿ ಈ ಜಾಗದ ಅರ್ಥವನ್ನು ಬಹಳ ಸೂಕ್ಷ್ಮವಾಗಿ ಗ್ರಹಿಸಿದ ಕೃತಿ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965). ಮೇಳಿಗೆಯ ಜಾತ್ರೆಯಲ್ಲಿ ಪುಟ್ಟನೊಂದಿಗೆ ಕಾಫಿ ಕುಡಿಯಲು ಕುಳಿತ ಪ್ರಾಣೇಶಾಚಾರ್ಯರು ಸೂತಕದಲ್ಲಿದ್ದಾರೆ. ಅದೇ ದಿನ ಅವರು ದೇವಾಲಯದ ಪಂಕ್ತಿಯಲ್ಲಿಯೂ ಕುಳಿತುಕೊಳ್ಳುತ್ತಾರೆ. ಪಂಕ್ತಿಯಲ್ಲಿ ಅವರನ್ನು ಕಾಡುವುದು ಗುರುತು ಹಿಡಿದಾರೆಂಬ ಭಯ, ಏಕೆಂದರೆ ಅಲ್ಲಿ ಗೋತ್ರ-ಊರು ಕೇಳುವವರಿದ್ದಾರೆ. ಕಾಫಿಯ ಅಂಗಡಿಯಲ್ಲಿ ಕೇಳುವುದು ಹಣವನ್ನು ಮಾತ್ರ. ಒಂದೇ ದಿನದ ಈ ಎರಡು ಆಸನಗಳನ್ನು ವಿಮರ್ಶಕರು ಆಚಾರ್ಯರ ಅಂತರಂಗದ ಬೆಳಕಿನಲ್ಲಿ ಓದಿದ್ದೇ ಹೆಚ್ಚು. ಎರಡು ಸಂಸ್ಥೆಗಳ ವ್ಯತ್ಯಾಸವಾಗಿ ಓದಿದರೆ ಕಾದಂಬರಿಯ ಆ ಭಾಗ ಇನ್ನಷ್ಟು ತೆರೆದುಕೊಳ್ಳುತ್ತದೆ.

ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಬಂದವರ ಮಾತಾಯಿತು. ಹಿಂಬಾಗಿಲಿನಿಂದ ಬಂದವರಿಗೂ ಪದಗಳಿವೆ. ಉಡುಪಿ ಸೀಮೆಯ ಬ್ರಾಹ್ಮಣ ಮನೆಗಳ ಕನ್ನಡದಲ್ಲಿ 'ಮಾಣಿ' ಎಂದರೆ ಹುಡುಗ, ಮನೆಯ ಮಗ. ಸಂಸ್ಕೃತದ 'ಮಾಣವ'ದ ನೆಂಟಸ್ತಿಕೆಯುಳ್ಳ ವಾತ್ಸಲ್ಯದ ಪದ. ಹೋಟೆಲುಗಳೊಂದಿಗೆ ಘಟ್ಟ ಹತ್ತಿದ ಮೇಲೆ ಅದು ಉಳಿದ ಕನ್ನಡಿಗರಿಗೆ ತಿಂಡಿ ತಂದಿಡುವವನ ಹೆಸರಾಯಿತು. ಕುಂದಾಪುರದ ತಾಯಿ ಮಗನನ್ನು ಕರೆಯುವ ಪದದಿಂದ ಬೆಂಗಳೂರಿನ ಗಿರಾಕಿ ನೀರು ತರಲು ಹೇಳುತ್ತಾನೆ. ಇದರಷ್ಟೇ ಗಮನಾರ್ಹವಾದದ್ದು ಕರಾವಳಿಯ ಎರಡು ನುಡಿಗಟ್ಟುಗಳ ಅಂತರ. 'ಹೋಟೆಲಿಗೆ ಹೋದ' ಎಂದರೆ ತಿಂಡಿ ತಿನ್ನಲು ಹೋದ. 'ಹೋಟೆಲಿಗೆ ಸೇರಿದ' ಎಂದರೆ ಶಾಲೆ ಬಿಟ್ಟ, ಊರು ಬಿಟ್ಟ, ದುಡಿಯಲು ಹೊರಟ. ಎರಡನೆಯ ನುಡಿಗಟ್ಟಿನಲ್ಲಿ ಹೋಟೆಲ್ ಒಂದು ಕಟ್ಟಡವಲ್ಲ, ಒಂದು ಗತಿ. ಅದರಲ್ಲಿ ಬಡತನವಿದೆ, ತಂದೆಯಿಲ್ಲದ ಮನೆಯಿದೆ, ಎಷ್ಟೋ ಸಲ ಹತ್ತು-ಹನ್ನೆರಡರ ವಯಸ್ಸೂ ಇದೆ. ಮತ್ತು ಇಲ್ಲಿ ಪದದ ಬಿದ್ದುಹೋದ ಅರ್ಥ ಸದ್ದಿಲ್ಲದೆ ಮರಳಿ ಬರುತ್ತದೆ: ಮೇಜುಗಳನ್ನು ಬದಿಗೆ ಸರಿಸಿ ಅದರ ನೆಲದ ಮೇಲೆ ರಾತ್ರಿ ಮಲಗುತ್ತಿದ್ದವರು ಈ ಹುಡುಗರು. ಗಿರಾಕಿಗೆ ವಸತಿಯಲ್ಲದ ಹೋಟೆಲು ಮಾಣಿಗೆ ವಸತಿಯಾಗಿತ್ತು. ಮುಂಬಯಿಯಲ್ಲಿ ಕನ್ನಡಿಗರ ಸಂಘಗಳು ನಡೆಸಿದ ರಾತ್ರಿಶಾಲೆಗಳ ಬೆಂಚುಗಳಲ್ಲಿ ಕುಳಿತು ಅಕ್ಷರ ಕಲಿತವರಲ್ಲಿ ಇಂಥವರು ಬಹಳ. ಸಾಧಕರಾದ ಕೆಲವರ ಜೀವನಚರಿತ್ರೆಗಳಲ್ಲಿ ಈ ಬಾಲ್ಯವು ಯಶಸ್ಸಿನ ಮೊದಲ ಅಧ್ಯಾಯವಾಗಿ ಬರುತ್ತದೆ. ಸಾಧಕರಾಗದೆ ಉಳಿದವರ ಬಾಲ್ಯಕ್ಕೆ ಅಂಥ ಅಧ್ಯಾಯವಿಲ್ಲ. 1986ರ ಬಾಲಕಾರ್ಮಿಕ ಕಾಯಿದೆಯಡಿ 2006ರ ಅಕ್ಟೋಬರದಲ್ಲಿ ಜಾರಿಗೆ ಬಂದ ಅಧಿಸೂಚನೆಯು ಹದಿನಾಲ್ಕಕ್ಕಿಂತ ಕೆಳಗಿನ ಮಕ್ಕಳನ್ನು ದುಡಿಸಬಾರದ ಸ್ಥಳಗಳಲ್ಲಿ ಢಾಬಾ, ರೆಸ್ಟೊರೆಂಟ್, ಹೋಟೆಲ್, ಚಹದಂಗಡಿಗಳನ್ನು ಬಿಡಿಬಿಡಿಯಾಗಿ ಹೆಸರಿಸಿತು. 1955ರ ಶಾಸನ ಒಂದು ಪದವನ್ನು ಹಿಗ್ಗಿಸಿ ಮಾಡಿದ ಕೆಲಸವನ್ನು ಇದು ಪದಗಳ ಸಾಲನ್ನು ಬೆಳೆಸಿ ಮಾಡಿತು.

ಇಂದಿನ ಬಳಕೆಯಲ್ಲಿ 'ಹೋಟೆಲ್' ತನ್ನ ನೆರೆಯ ಪದಗಳ ಒತ್ತಡವನ್ನು ಎದುರಿಸುತ್ತಿದೆ. 'ರೆಸ್ಟೊರೆಂಟ್' ಎಂಬುದು ಜಿಲ್ಲೆಯ ಫಲಕಗಳಲ್ಲಿ ಬಹುಕಾಲ 'ಬಾರ್' ಎಂಬುದರ ಜೊತೆಯಲ್ಲಿಯೇ ಕಾಣಿಸಿಕೊಂಡದ್ದರಿಂದ ಅದಕ್ಕೆ ಹೆಂಡದ ವಾಸನೆ ಅಂಟಿತು. ಸಂಸಾರಸಮೇತ ಹೋಗುವ ಜಾಗಕ್ಕೆ ಹೋಟೆಲ್ ಎಂಬ ಹೆಸರೇ ಕ್ಷೇಮವೆನಿಸಿತ್ತು. ಮಣಿಪಾಲದ ವಿದ್ಯಾರ್ಥಿಗಳ ಮಾತಿನಲ್ಲಿ ಆ ವಾಸನೆ ಇಲ್ಲ. ಅವರಿಗೆ ರೆಸ್ಟೊರೆಂಟು, ಕೆಫೆಗಳು ಸಹಜ. ಹೋಟೆಲು ಎಂದರೆ ಸ್ವಲ್ಪ 'ಹಳೇ ಕಾಲದ್ದು', ಅಗ್ಗದ್ದು. ಕಾಪುವಿನಲ್ಲಿ ಹೆದ್ದಾರಿ ಅಗಲವಾದ ಮೇಲೆ, ಕಡಲ ಕಿನಾರೆಗೆ ಪ್ರವಾಸಿಗಳು ಹೆಚ್ಚಿದ ಮೇಲೆ ತಂಗುವ ಜಾಗಗಳೂ ಹೆಚ್ಚಿದವು. ಆದರೆ ಅವು 'ಹೋಟೆಲ್' ಎಂಬ ಪದವನ್ನು ವಸತಿಗೆ ಮರಳಿ ಪಡೆಯಲು ಯತ್ನಿಸಲಿಲ್ಲ. 'ಹೋಮ್‌ಸ್ಟೇ', 'ರೆಸಾರ್ಟ್', 'ರೆಸಿಡೆನ್ಸಿ' ಎಂಬ ಬೇರೆ ಹೆಸರುಗಳ ಮೊರೆಹೊಕ್ಕವು. 'ಲಾಡ್ಜ್' ಎಂಬುದಕ್ಕೆ ಕನ್ನಡದಲ್ಲಿ ಬಂದಿರುವ ಕೆಟ್ಟ ಹೆಸರೂ ಅದಕ್ಕೆ ಒಂದು ಕಾರಣ. ಕಾರ್ಕಳದ ಕಡೆ ಬಳಕೆ ಇನ್ನೂ ನಿಧಾನ: ಗೊಮ್ಮಟಬೆಟ್ಟ ನೋಡಿ ಇಳಿದವರಿಗೆ ಊಟಕ್ಕೆ ದಾರಿ ತೋರಿಸುವವರು 'ಹೋಟೆಲ್' ಎಂದೇ ಹೇಳುತ್ತಾರೆ. ಮೈಸೂರು ಸೀಮೆಯ 'ಮಿಲಿಟರಿ ಹೋಟೆಲ್' ಆಗಲಿ, ಉತ್ತರದ 'ಖಾನಾವಳಿ'ಯಾಗಲಿ ಇಲ್ಲಿ ಬೇರೂರಲಿಲ್ಲ. ಮಾಂಸಾಹಾರಕ್ಕೆ ವಿಶೇಷಣ ಬೇಕಾದಾಗ 'ಮೀನೂಟದ ಹೋಟೆಲ್' ಎಂದು ಸಾಕು. ಬೆಂಗಳೂರಿನಲ್ಲಿ 1980ರ ದಶಕದಿಂದ ಹಬ್ಬಿದ ನಿಂತು ತಿನ್ನುವ 'ದರ್ಶಿನಿ'ಗಳು ಸ್ವತಂತ್ರ ವರ್ಗನಾಮವನ್ನು ಪಡೆದವು. ಪದದ ಅರ್ಥದಲ್ಲಿ ಕುಳಿತುಕೊಳ್ಳುವುದು ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಇದೂ ಒಂದು ಸಾಕ್ಷ್ಯವೆನ್ನಬಹುದು.

ನಿಘಂಟಿನ ಕೆಲಸಕ್ಕೆ ಬಂದರೆ, ಉಡುಪಿಯಲ್ಲಿ ಒಂದು ಮಾದರಿ ಕಣ್ಣೆದುರೇ ಇದೆ. ಎಂ.ಜಿ.ಎಂ. ಕಾಲೇಜಿನ ಆವರಣದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು, ಪದಗಳನ್ನು ಪ್ರದೇಶ ಮತ್ತು ಸಮುದಾಯಗಳ ವ್ಯತ್ಯಾಸಗಳೊಂದಿಗೆ ಆಡುಮಾತಿನಿಂದಲೇ ಸಂಗ್ರಹಿಸುವ ಕ್ರಮವನ್ನು ತೋರಿಸಿಕೊಟ್ಟಿದೆ. ಕನ್ನಡದ ಎರವಲು ಪದಗಳಿಗೆ ಅಷ್ಟು ವಿವರದ ಗಮನ ಸಂದಿಲ್ಲ. ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗೇ ಮೀಸಲಾದ ಕೋಶವನ್ನು ರಚಿಸಿ ದಾರಿ ತೆರೆದರು. ಆ ದಾರಿಯಲ್ಲಿ ಮೂಲಭಾಷೆಯ ನಿರ್ದೇಶನದ ಆಚೆಗೆ, ಎರವಲು ಬಂದ ಮೇಲೆ ಪದ ಪಡೆದ ಅರ್ಥಗಳ ದಾಖಲೆಯ ಕಡೆಗೆ ಮುಂದಿನವರು ಹೋಗಬೇಕಾಗಿದೆ. 'ಹೋಟೆಲ್' ಎಂಬ ಉಲ್ಲೇಖದ ಕೆಳಗೆ ಮೊದಲ ಅರ್ಥವಾಗಿ ಹಣಕ್ಕೆ ಊಟ-ತಿಂಡಿ ಕೊಡುವ, ಕುಳಿತು ತಿನ್ನುವ ಸ್ಥಳ ಎಂಬುದು ಬರಬೇಕು. ಇಂಗ್ಲಿಷಿನ ವಸತಿಯ ಅರ್ಥ ಎರಡನೆಯದಾಗಿ, ಬರೆಹದಲ್ಲಿ ಮತ್ತು ಉದ್ಯಮದ ಪರಿಭಾಷೆಯಲ್ಲಿ ಹೆಚ್ಚು ಎಂಬ ಸೂಚನೆಯೊಂದಿಗೆ ಬರಬಹುದು. ಮೂರನೆಯದಾಗಿ 'ಹೋಟೆಲಿಗೆ ಸೇರು' ಎಂಬ ನುಡಿಗಟ್ಟನ್ನು ಪ್ರತ್ಯೇಕವಾಗಿ ಕೊಟ್ಟು, ಚಿಕ್ಕ ವಯಸ್ಸಿನಲ್ಲಿ ಓದು ಬಿಟ್ಟು ಪರಊರಿನ ಹೋಟೆಲಿನಲ್ಲಿ ದುಡಿಯಲು ಹೋಗು ಎಂದು ಅರ್ಥ ಬರೆದು, ಪ್ರದೇಶದ ಗುರುತಾಗಿ 'ಕರಾವಳಿ' ಎಂದು ಸೇರಿಸಬೇಕು.